ಡ್ರೈವ್ ಮೋಟಾರ್ ಕೊಳ್ಳುವ ಮೊದಲು ಚಕ್ರದ ಲೆಕ್ಕ

ಪುಣೆಯ ಬುಧವಾರ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ತಪಕೀರ್ ಗಲ್ಲಿಯಲ್ಲಿ ‘300 ಆರ್‌ಪಿಎಂ, 40 ಕೆಜಿ-ಸೆಂಮೀ’ ಎಂದು ಚೀಟಿ ಅಂಟಿಸಿದ 24 ವೋಲ್ಟ್ ಗೇರ್ ಮೋಟಾರ್ ಸಿಗುತ್ತದೆ. 300 ಎಂದರೆ ನಿಮಿಷಕ್ಕೆ ಅಷ್ಟು ಸುತ್ತು, 40 ಎಂದರೆ ಟಾರ್ಕು, ಅಂದರೆ ತಿರುಗಿಸುವ ಬಲ. ಆ 40 ಓಡುವಾಗಿನ ಟಾರ್ಕೋ, ಜಾಮ್ ಆಗಿ ನಿಂತಾಗಿನದೋ ಚೀಟಿಯಲ್ಲಿರುವುದಿಲ್ಲ. ಅದಕ್ಕೇ ನಾನು ಲೆಕ್ಕ ಮುಗಿಸಿಕೊಂಡೇ ಗಲ್ಲಿಗೆ ಕಾಲಿಡುವುದು.

ರೋಬೋಕಾನ್ ಎಂಬ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಗೆ 25 ಕೆಜಿ ರೋಬೋಟ್, ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರ್ ಎಂದಿಟ್ಟುಕೊಳ್ಳಿ. ಒಂದೇ ಸೆಕೆಂಡಿನಲ್ಲಿ ಸೆಕೆಂಡಿಗೆ 2 ಮೀಟರ್ ವೇಗ ಮುಟ್ಟಬೇಕು. ವೇಗ ಏರಿಸಲು 50 ನ್ಯೂಟನ್, ಉರುಳುವ ಘರ್ಷಣೆಗೆ 10. ಚಕ್ರದ ವ್ಯಾಸ 125 ಮಿಮೀ ಇದ್ದರೆ ಒಂದೊಂದು ಮೋಟಾರಿಗೆ 0.94 ನ್ಯೂಟನ್-ಮೀಟರ್, ಅಂಗಡಿಯವರ ಲೆಕ್ಕದಲ್ಲಿ 9.6 ಕೆಜಿ-ಸೆಂಮೀ. ಚಕ್ರ ನಿಮಿಷಕ್ಕೆ 306 ಸುತ್ತು ತಿರುಗಬೇಕು.

ಬ್ರಶ್ ಇರುವ ಡಿಸಿ ಮೋಟಾರಿನಲ್ಲಿ ಹೊರೆ ಏರಿದಷ್ಟೂ ವೇಗ ನೇರ ಗೆರೆಯಂತೆ ಇಳಿಯುತ್ತದೆ. ಓಡುವ ಟಾರ್ಕು ಸ್ಟಾಲ್ ಟಾರ್ಕಿನ (ಜಾಮ್ ಆಗಿ ನಿಂತಾಗಿನ ಟಾರ್ಕಿನ) ಕಾಲು ಭಾಗ ಮೀರದಂತೆ ನೋಡಿಕೊಳ್ಳುತ್ತೇನೆ. ಹಾಗಾದರೆ ಸ್ಟಾಲ್ 38 ಕೆಜಿ-ಸೆಂಮೀ, ಖಾಲಿ ವೇಗ (ಹೊರೆಯಿಲ್ಲದಾಗಿನ ವೇಗ) ನಿಮಿಷಕ್ಕೆ 408 ಸುತ್ತು. ಚೀಟಿಯ 300 ನಂಬಿ ತಂದರೆ ಹೊರೆಯಲ್ಲಿ ಸಿಗುವುದು ಸುಮಾರು 225, ಅಂದರೆ ಸೆಕೆಂಡಿಗೆ ಒಂದೂವರೆ ಮೀಟರೂ ಇಲ್ಲ.

ಹಲವರು ಬಿಟ್ಟುಬಿಡುವ ಲೆಕ್ಕ ಹಿಡಿತದ್ದು. ಘರ್ಷಣಾಂಕ 0.7 ಹಿಡಿದರೆ ಈ ಚಕ್ರ 2.7 ನ್ಯೂಟನ್-ಮೀಟರಿಗೆ ಜಾರುತ್ತದೆ. ಮೋಟಾರ್ ನಿಲ್ಲುವುದು 3.7ಕ್ಕೆ. ಗೋಡೆಗೆ ಒತ್ತಿ ನಿಂತರೂ ಚಕ್ರ ಜಾರುತ್ತದೆ, ವೈಂಡಿಂಗ್ (ಮೋಟಾರಿನೊಳಗಿನ ತಾಮ್ರದ ಸುರುಳಿ) ಉಳಿಯುತ್ತದೆ. ಇದೇ ಮೋಟಾರಿಗೆ 200 ಮಿಮೀ ಚಕ್ರ ಹಾಕಿದರೆ ಜಾರಲು 4.3 ಬೇಕು. ಚಕ್ರ ಜಾರುವ ಮೊದಲೇ ಮೋಟಾರ್ ನಿಂತು ಸುಡುತ್ತದೆ. ದೊಡ್ಡ ಚಕ್ರ ಬೇಕೇ ಬೇಕೆಂದರೆ ಗೇರ್ ಅನುಪಾತವನ್ನೂ ಬದಲಿಸಿ.

ತಂದ ಮೇಲೆ ಶಾಫ್ಟನ್ನು ವೈಸ್‌ನಲ್ಲಿ ಹಿಡಿದು ಬೆಂಚ್ ಸಪ್ಲೈಯಿಂದ (ವೋಲ್ಟೇಜ್ ಹೊಂದಿಸಬಹುದಾದ ಪವರ್ ಸಪ್ಲೈ) 3 ವೋಲ್ಟ್ ಒಂದೆರಡು ಸೆಕೆಂಡ್ ಕೊಡುತ್ತೇನೆ. 1.25 ಆಂಪಿಯರ್ ಎಳೆದರೆ 24 ವೋಲ್ಟ್‌ಗೆ ಸ್ಟಾಲ್ ಕರೆಂಟ್ 10. ಬ್ರಶ್ ಕೂತ ಜಾಗಕ್ಕೆ ತಕ್ಕಂತೆ ಓದು ಬದಲಾಗುತ್ತದೆ. ಶಾಫ್ಟ್ ಸ್ವಲ್ಪ ತಿರುಗಿಸಿ ಮೂರು ಸಲ ಅಳೆಯಿರಿ. ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡು ಈ 10 ಆಂಪಿಯರನ್ನು ನಿರಂತರ ತಾಳುವಂಥದ್ದಿರಲಿ.

ರೋಬೋಕಾನ್ ಪಂದ್ಯ ಕೆಲವೇ ನಿಮಿಷ, ಮೋಟಾರ್ ಸಾಯುವುದು ದಿನವಿಡೀ ನಡೆಯುವ ಅಭ್ಯಾಸದಲ್ಲಿ. ತಾಮ್ರ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೋಧ ಸುಮಾರು 23% ಏರುತ್ತದೆ, ಸ್ಟಾಲ್ ಟಾರ್ಕು ಸುಮಾರು 19% ಇಳಿಯುತ್ತದೆ. ಕವಚ ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಅಭ್ಯಾಸ ನಿಲ್ಲಿಸಿ.

6 ಮಿಮೀ ಶಾಫ್ಟಿನ ತುದಿಗೇ ಚಕ್ರ ಕೂರಿಸಬೇಡಿ, ಒಂದು ಡಿಕ್ಕಿಗೆ ಬಾಗುತ್ತದೆ. ಭಾರವನ್ನು ಬೇರಿಂಗ್‌ಗಳು ಹೊರಲಿ, ಮೋಟಾರ್ ಬರೀ ತಿರುಗಿಸಲಿ. ನಾಲ್ಕರ ಖಾಲಿ ವೇಗವನ್ನೂ ಸುತ್ತು ಎಣಿಸುವ ಟ್ಯಾಕೋಮೀಟರಿನಲ್ಲಿ ನೋಡಿ, ವೇಗ ಹತ್ತಿರವಿರುವ ಎರಡೆರಡನ್ನು ಎಡಬಲಕ್ಕೆ ಎದುರುಬದುರಾಗಿ ಜೋಡಿಸಿ. ಐದನೆಯದೊಂದನ್ನು ಅದೇ ದಿನ, ಅದೇ ಪೆಟ್ಟಿಗೆಯಿಂದ ಕೊಂಡಿಟ್ಟುಕೊಳ್ಳಿ.