ನುನಾಟಕ್‌ಗಳನ್ನು ನಕ್ಷೆಗೆ ಇಳಿಸುವಾಗ ಕಂಡದ್ದು

ಮಂಜುಗಡ್ಡೆಯ ಹೊದಿಕೆಯನ್ನು ಸೀಳಿಕೊಂಡು ತಲೆ ಎತ್ತಿದ ಬಂಡೆಗೆ ನುನಾಟಕ್ ಎಂದು ಹೆಸರು. ಪದ ಗ್ರೀನ್‌ಲ್ಯಾಂಡಿನ ಇನುಯಿಟ್ ಜನರದು. ಅಂಟಾರ್ಕ್ಟಿಕದ ಕ್ವೀನ್ ಮಾಡ್ ಲ್ಯಾಂಡಿನಲ್ಲಿ, ವೋಲ್ಥಾಟ್ ಬೆಟ್ಟಗಳ ಸುತ್ತ ಚದುರಿದ ಇಂಥ ಬಂಡೆಗಳನ್ನು ಗುರುತಿಸಲು ನಾನು ಅನುಸರಿಸಿದ ಕ್ರಮ ಇದು. ಬಂಡೆಯನ್ನು ಹುಡುಕುವುದು ಸುಲಭ. ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದೇ ಕಷ್ಟ.

ಮೊದಲು ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಚಿತ್ರ. ಹಿಮ ಹಸಿರು ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಕಿರುತರಂಗ ಅವಕೆಂಪನ್ನು ನುಂಗುತ್ತದೆ, ಬಂಡೆ ಹಾಗಲ್ಲ. ಹಾಗಾಗಿ ಈ ಎರಡು ಬೆಳಕುಗಳನ್ನು ದಾಖಲಿಸುವ 3 ಮತ್ತು 6ನೇ ಬ್ಯಾಂಡುಗಳನ್ನು ಹೋಲಿಸಿದರೆ ಬಂಡೆ ಬೇರೆಯಾಗಿ ಕಾಣಬೇಕು. ಕೆಡಿಸುವುದು ನೆರಳು. 71.5 ಡಿಗ್ರಿ ದಕ್ಷಿಣದಲ್ಲಿ ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ 42 ಡಿಗ್ರಿಗಿಂತ ಮೇಲೇರುವುದಿಲ್ಲ. ನೆರಳಲ್ಲಿರುವ ಬಂಡೆ ಲೆಕ್ಕ ತಪ್ಪುತ್ತದೆ, ನೆರಳಲ್ಲಿರುವ ಹಿಮ ಬಂಡೆಯಾಗಿಬಿಡುತ್ತದೆ. ಬೇರೆ ಬೇರೆ ಹೊತ್ತಿನ ಎರಡು ಚಿತ್ರ ಇಟ್ಟು ನೋಡಿ: ಜಾಗ ಬದಲಿಸಿದ್ದು ನೆರಳು. ಉಷ್ಣದ ಬ್ಯಾಂಡೂ ನೆರವಿಗೆ ಬರುತ್ತದೆ, ಬಿಸಿಲಿಗೆ ಬಂಡೆ ಹಿಮಕ್ಕಿಂತ ಬೇಗ ಕಾಯುತ್ತದೆ.

ಇನ್ನೊಂದು ಮೋಸ ಮೊರೇನ್. ಮಂಜುಗಡ್ಡೆ ಹೊತ್ತು ತಂದ ಈ ಕಲ್ಲುಮಣ್ಣಿನ ರಾಶಿ ಚಿತ್ರದಲ್ಲಿ ಅಚ್ಚು ಬಂಡೆಯಂತೆಯೇ ಇರುತ್ತದೆ, ಕೆಳಗೆ ಹರಿಯುವ ಮಂಜುಗಡ್ಡೆ. ಹರಿವಿನ ದಿಕ್ಕಿಗೆ ಪಟ್ಟಿಯಂತೆ ಎಳೆದುಕೊಂಡಿದ್ದರೆ ನಾನು ಬಿಟ್ಟುಬಿಡುತ್ತೇನೆ.

ಬಂಡೆಗಳ ಹಳೆಯ ಪಟ್ಟಿಗಳಲ್ಲಿ ಸ್ಥಾನ ಪೂರ್ಣ ಮಿನಿಟುಗಳಲ್ಲಿ (ಡಿಗ್ರಿಯ ಅರವತ್ತನೇ ಒಂದು ಭಾಗ) ಇರುವುದುಂಟು. ಇಲ್ಲಿ ಅಕ್ಷಾಂಶದ ಒಂದು ಮಿನಿಟ್ ಸುಮಾರು 1.86 ಕಿಲೋಮೀಟರ್, ರೇಖಾಂಶದ್ದು ಸುಮಾರು 600 ಮೀಟರ್. ಸಣ್ಣ ಬಂಡೆಯ ಗುರುತು ಬರೀ ಹಿಮದ ಮೇಲೆ ಬೀಳಲು ಅಷ್ಟು ಸಾಕು. ಅಂಟಾರ್ಕ್ಟಿಕದ ಎತ್ತರಗಳನ್ನು ಕೊಡುವ ರೇಮಾ ಮಾದರಿಯ ಸಂಖ್ಯೆಗಳು ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಯ ನಯವಾದ ಗಣಿತದ ಆಕಾರದಿಂದ, ಅಳೆದವು. ಸಮುದ್ರಮಟ್ಟದ ಎತ್ತರ ಬೇಕಾದರೆ ಆ ಆಕಾರಕ್ಕೂ ಜಿಯಾಯ್ಡಿಗೂ (ಸರಾಸರಿ ಸಮುದ್ರಮಟ್ಟದ ಮೇಲ್ಮೈ) ಇರುವ ಅಂತರ ಕಳೆಯಬೇಕು.

ಸ್ಥಳದಲ್ಲಿ ಜಿಪಿಎಸ್ ಅನ್ನು ಗಟ್ಟಿ ಬಂಡೆಯ ಮೇಲೆಯೇ ಇಡಬೇಕು, ಮಂಜುಗಡ್ಡೆ ಸರಿಯುತ್ತದೆ. ಜಿಪಿಎಸ್ ಉಪಗ್ರಹಗಳ ಕಕ್ಷೆ ಸಮಭಾಜಕ ವೃತ್ತಕ್ಕೆ 55 ಡಿಗ್ರಿ ಓರೆ, ನೆತ್ತಿಯ ಮೇಲೆ ಒಂದೂ ಬರುವುದಿಲ್ಲ. ಎತ್ತರದ ಅಳತೆ ಸಡಿಲವಾಗುವುದು ಅದಕ್ಕೇ. ರಷ್ಯಾದ ಗ್ಲೋನಾಸ್ ಉಪಗ್ರಹಗಳ ಸಂಕೇತವನ್ನೂ ಸೇರಿಸಿಕೊಂಡರೆ ವಾಸಿ.

ಹತ್ತಿರ ಹೋಗುವ ದಾರಿಯನ್ನು ಗಾಳಿ ತೀರ್ಮಾನಿಸುತ್ತದೆ. ಆಗ್ನೇಯದ ಗಾಳಿ ತಾನು ಬಡಿಯುವ ಬದಿಯಲ್ಲಿ ಆಳದ ಕೊರಕಲು ತೋಡುತ್ತದೆ, ವಾಯವ್ಯಕ್ಕೆ ಹಿಮದ ಬಾಲ ಎಳೆಯುತ್ತದೆ. ಬಾಲ ಹತ್ತಲು ಮಾಡಿಟ್ಟ ಇಳಿಜಾರಿನಂತೆ ಕಾಣುತ್ತದೆ. ಆದರೆ ಕಾದ ಬಂಡೆ ಪಕ್ಕದ ಮಂಜುಗಡ್ಡೆಯನ್ನು ಕರಗಿಸಿ ಸಂದು ಮಾಡಿರುತ್ತದೆ, ಮೇಲೆ ತೆಳು ಹಿಮದ ಮುಚ್ಚಳ ಅಷ್ಟೇ. ಹಗ್ಗ ಕಟ್ಟಿಕೊಂಡು, ಕೊನೆಯ ಕೆಲವು ಮೀಟರುಗಳನ್ನು ಕೋಲಿನಿಂದ ಚುಚ್ಚಿ ನೋಡದೆ ಹೆಜ್ಜೆ ಇಡಬೇಡಿ.