ಒಂದು ಕಪ್ ಹಿಟ್ಟು ಎಷ್ಟು ಗ್ರಾಂ? ನಿಮ್ಮ ಕಪ್ಪಿನ ಲೆಕ್ಕ ನೀವೇ ಕಟ್ಟಿಕೊಳ್ಳಿ

ಜೋಳದ ರೊಟ್ಟಿ ಬಡಿಯುವವರಿಗೆ ತಕ್ಕಡಿ ಬೇಕಿಲ್ಲ. ಹಿಟ್ಟು ಎಷ್ಟು ಎಸರು ಹಿಡಿಯಿತೆಂಬುದು ನಾದುವಾಗಲೇ ಕೈಗೆ ತಿಳಿಯುತ್ತದೆ. ಕೇಕ್, ನಾನಖಟಾಯಿಗಳಲ್ಲಿ ಆ ಅಂದಾಜು ನಡೆಯುವುದಿಲ್ಲ. ವಿಜಯಪುರದ ನಮ್ಮ ಓಣಿಯಲ್ಲಿ ಕಲ್ಲಿನಂತಾದ ಕೇಕಿಗೆ ಎಲ್ಲರೂ ಓವನ್ ಅನ್ನು ದೂರುತ್ತಾರೆ, ಕಪ್ಪಿಗೆ ಹಿಟ್ಟು ತುಂಬಿದ ಬಗೆಯನ್ನು ಯಾರೂ ವಿಚಾರಿಸುವುದಿಲ್ಲ.

ಮೊದಲು ಕಪ್ ಎಷ್ಟು ಹಿಡಿಯುತ್ತದೆಂದು ನೋಡಿ. ಖಾಲಿ ಕಪ್ಪನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿ. 1 ಮಿ.ಲೀ. ನೀರು ಸುಮಾರು 1 ಗ್ರಾಂ ತೂಗುವುದರಿಂದ, 240 ಗ್ರಾಂ ಬಂದರೆ ಅದು 240 ಮಿ.ಲೀ. ಕಪ್. 250 ಮಿ.ಲೀ. ಕಪ್ಪುಗಳೂ ಬಳಕೆಯಲ್ಲಿವೆ. ಅಗ್ಗದ ಪ್ಲಾಸ್ಟಿಕ್ ಸೆಟ್ಟುಗಳ ಮೇಲೆ ಅಚ್ಚಾದ ಅಂಕಿಯನ್ನು ನಂಬಬೇಡಿ. ಮನೆಯ ಸ್ಟೀಲ್ ವಾಟಿಯೇ ಸಾಕು, ಅದು ಎಷ್ಟು ಹಿಡಿಯುತ್ತದೆಂದು ಗೊತ್ತಿದ್ದರೆ ಆಯಿತು.

ಕಪ್ಪನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ ಹಿಟ್ಟು ತುಂಬಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಡಬ್ಬಿಯಲ್ಲಿ ಕುಳಿತ ಹಿಟ್ಟು ತನ್ನ ಭಾರಕ್ಕೇ ಒತ್ತಿಕೊಂಡಿರುತ್ತದೆ; ಗಿರಣಿಯಿಂದ ಆಗಷ್ಟೇ ತಂದದ್ದು ಹಗುರಾಗಿ ಉಬ್ಬಿರುತ್ತದೆ. ಆದ್ದರಿಂದ ಮೊದಲು ಚಮಚದಿಂದ ಹಿಟ್ಟನ್ನು ತಳದವರೆಗೆ ಕೆದರಿ ಸಡಿಲಿಸಿ. ಅನಂತರ ಚಮಚದಲ್ಲಿ ತುಸು ತುಸುವೇ ಎತ್ತಿ, ಕಪ್ಪಿನ ಮೇಲೆ ಗೋಪುರದಂತೆ ನಿಲ್ಲುವವರೆಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಒಂದೇ ಎಳೆತಕ್ಕೆ ಅಂಚಿನ ಮಟ್ಟಕ್ಕೆ ಸವರಿ. ಕಪ್ಪನ್ನು ಕಟ್ಟೆಗೆ ಕುಟ್ಟಬಾರದು, ಬೆರಳಿನಿಂದ ಒತ್ತಬಾರದು. ಹೀಗೆ ತುಂಬಿದ 240 ಮಿ.ಲೀ. ಕಪ್ ಮೈದಾ ಸುಮಾರು 120 ಗ್ರಾಂ ತೂಗುತ್ತದೆ. ಅದೇ ಕಪ್ಪನ್ನು ನೇರವಾಗಿ ಡಬ್ಬಿಗೆ ಅದ್ದಿ ಬಾಚಿದರೆ 150 ಗ್ರಾಂವರೆಗೂ ಹೋಗಬಹುದು, ಅಂದರೆ ಎರಡೂವರೆ ಕಪ್ ಬೇಕಾದಲ್ಲಿ 300 ಗ್ರಾಂ ಬದಲು 375 ಗ್ರಾಂ ಬಿದ್ದಿರುತ್ತದೆ. ಅಷ್ಟು ಹೆಚ್ಚಿನ ಹಿಟ್ಟು ನೀರನ್ನೆಲ್ಲ ಹೀರಿಕೊಂಡ ಮೇಲೆ ಕೇಕ್ ಮೆತ್ತಗಾಗುವುದಾದರೂ ಹೇಗೆ?

ತುಂಬಿದ ಕಪ್ಪನ್ನು ತೂಗಿ, ಖಾಲಿ ಕಪ್ಪಿನ ತೂಕ ಕಳೆಯಿರಿ. ಮೂರು ಸಲ ತುಂಬಿ ಸರಾಸರಿ ತೆಗೆಯುವುದು ಒಳ್ಳೆಯದು.

ಆಮೇಲಿನದು ಬರೀ ಭಾಗಾಕಾರ. ಬೇಕಾದ ಗ್ರಾಮನ್ನು ಒಂದು ಕಪ್ಪಿನ ತೂಕದಿಂದ ಭಾಗಿಸಿದರೆ ಕಪ್ಪಿನ ಸಂಖ್ಯೆ ಸಿಗುತ್ತದೆ. ಕಪ್ಪಿನಿಂದ ಗ್ರಾಮಿಗೆ ಬರಲು ಗುಣಿಸಬೇಕು. ಕಪ್ಪಿನ ಚೂರುಪಾರು ಭಾಗಕ್ಕೆ 15 ಮಿ.ಲೀ. ದೊಡ್ಡ ಚಮಚ ಬಳಸಿ: 16 ಚಮಚಕ್ಕೆ ಒಂದು 240 ಮಿ.ಲೀ. ಕಪ್ ಆಗುತ್ತದೆ.

ಒಂದು ಹಿಟ್ಟಿನ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಅಷ್ಟೇ ದೊಡ್ಡ ಕಪ್ಪಿನಲ್ಲಿ ಕಡಲೆ ಹಿಟ್ಟು ಸುಮಾರು 90ರಿಂದ 100 ಗ್ರಾಂ, ಅಕ್ಕಿ ಹಿಟ್ಟು 150ರ ಆಸುಪಾಸು, ರವೆ ಅದಕ್ಕಿಂತಲೂ ಭಾರ. ಹಿಟ್ಟಿನ ಹೆಸರನ್ನೇ ಕೇಳದೆ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗಳು ನಿರುಪಯೋಗಿ, ಮಿ.ಲೀ. ಗೆರೆಯಿರುವ ಜಗ್ಗಿನಲ್ಲಿ ಹಿಟ್ಟು ಸುರಿದು ಅದನ್ನೇ ಗ್ರಾಂ ಎಂದು ಓದುವ ಅಡ್ಡದಾರಿಯಂತೂ ಬೇಡವೇ ಬೇಡ, ಏಕೆಂದರೆ ಅಲ್ಲಿ 240ರ ಗೆರೆ ಮುಟ್ಟಿದ ಮೈದಾದ ನಿಜವಾದ ತೂಕ ಅದರ ಅರ್ಧದಷ್ಟಿರುತ್ತದೆ.

ನಿಮಗೆ ಬಂದ ಅಂಕಿಯನ್ನು ಆಯಾ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಬರೆದು ಅಂಟಿಸಿ. ಗಿರಣಿಯ ಗೋದಿ ಹಿಟ್ಟು ಬಿಟ್ಟು ಪ್ಯಾಕೆಟ್ ಹಿಟ್ಟಿಗೆ ಹೋದಾಗ, ಅಥವಾ ಸಣ್ಣಗೆ ಬೀಸಿಸುತ್ತಿದ್ದದ್ದನ್ನು ತರಿಯಾಗಿ ಬೀಸಿಸಿದಾಗ, ಮತ್ತೆ ತೂಗಿ ಚೀಟಿ ಬದಲಿಸಿ.