ಡಬಲ್ ಬೇಸ್, ಒಂದೇ ಕೋಣೆ, ಎಂಟು ಟ್ರ್ಯಾಕ್: ನಮ್ಮ ಮೊದಲ ಆಲ್ಬಮ್

ಸ್ಲ್ಯಾಪ್ ಮಾಡುವ, ಅಂದರೆ ತಂತಿಯನ್ನು ಎಳೆದು ಬಿಟ್ಟು ಚಟಪಟ ಬಡಿಸುವ ಡಬಲ್ ಬೇಸನ್ನು (ನಿಲ್ಲಿಸಿ ನುಡಿಸುವ ಆಳೆತ್ತರದ ಪಿಟೀಲಿನಂಥ ವಾದ್ಯ) ಡ್ರಮ್ ಇರುವ ಕೋಣೆಯಲ್ಲೇ ಲೈವ್ ಆಗಿ ರೆಕಾರ್ಡ್ ಮಾಡಲು ಆಗುವುದಿಲ್ಲ ಅಂತ ಲಂಡನ್ನಿನಲ್ಲಿ ನನಗೆ ಹೇಳದವರಿಲ್ಲ. ಡ್ರಮ್ ಸದ್ದು ಬೇಸಿನ ಮೈಕಿಗೆ ಸೋರುತ್ತದೆ, ಆಮೇಲೆ ಮಿಕ್ಸಿಂಗ್‌ನಲ್ಲಿ ಕೈ ಕಟ್ಟಿಹಾಕಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ನಮ್ಮ ಮೂವರ ಗ್ಯಾರೇಜ್ ಪಂಕ್, ಸೈಕೋಬಿಲಿ (ಐವತ್ತರ ದಶಕದ ರಾಕ್ ಅಂಡ್ ರೋಲ್ ಬೆರೆತ ಪಂಕ್) ಬ್ಯಾಂಡಿನ ಮೊದಲ ಎಲ್‌ಪಿ ಈಗ ಹೊರಬಂದಿದೆ. 12 ಹಾಡು, ಎಲ್ಲವೂ ಒಂದೇ ಕೋಣೆಯಲ್ಲಿ, ಹಾಡುಗಾರನ ಸಮೇತ. ಬೇಸ್ ನುಡಿಸಿದ್ದೂ ನಾನೇ, ರೆಕಾರ್ಡ್ ಮಾಡಿದ್ದೂ ನಾನೇ.

ಮೊದಲು ಒಂದು ಸ್ಟುಡಿಯೋದಲ್ಲಿ ಸುಮಾರು 900 ಪೌಂಡ್ ಹೋಯಿತು. ಅವರು ಕಿವಿಗೆ ತಾಳದ ಟಿಕ್ ಟಿಕ್ ಸದ್ದು (ಕ್ಲಿಕ್) ಹಾಕಿ ಒಬ್ಬೊಬ್ಬರನ್ನೇ ಬೇರೆ ಬೇರೆ ನುಡಿಸಿದರು. ಸ್ವರವೆಲ್ಲ ಸರಿಯಾಗಿತ್ತು, ಹಾಡಿಗೆ ಜೀವವೇ ಇರಲಿಲ್ಲ. ನಮ್ಮ ಹಾಡು ಕೋರಸ್ ಹತ್ತಿರ ಬಂದರೆ ತಾನಾಗಿ ಓಡುತ್ತದೆ. ಆ ಓಟವೇ ಈ ಸಂಗೀತ, ಅಲ್ವಾ? ಆ ಫೈಲುಗಳಲ್ಲಿ ಒಂದನ್ನೂ ಬಳಸಲಿಲ್ಲ.

ಅಮೆರಿಕದ ಕ್ರ್ಯಾಂಪ್ಸ್ ಬ್ಯಾಂಡಿನ ದಾರಿ ಹಿಡಿಯಿರಿ ಅಂತ ಕೆಲವರು ಹೇಳಿದರು. 1980ರಲ್ಲಿ ಬಂದ ಅವರ ಮೊದಲ ಆಲ್ಬಮ್ 'ಸಾಂಗ್ಸ್ ದ ಲಾರ್ಡ್ ಟಾಟ್ ಅಸ್' ನನಗೆ ಪ್ರಾಣ. ನಿರ್ಮಾಪಕ ಅಲೆಕ್ಸ್ ಚಿಲ್ಟನ್ ಅದನ್ನು ಮೆಂಫಿಸ್‌ನ ಫಿಲಿಪ್ಸ್ ಸ್ಟುಡಿಯೋದಲ್ಲಿ ಮಾಡಿದರು. ಆದರೆ ಆ ಬ್ಯಾಂಡಿನಲ್ಲಿ ಆಗ ಬೇಸೇ ಇರಲಿಲ್ಲ. ಎರಡು ಗಿಟಾರ್, ಡ್ರಮ್, ಹಾಡುಗಾರ, ಅಷ್ಟೇ. ನಮ್ಮದು ಲಂಡನ್ನಿನ ಸೈಕೋಬಿಲಿ ಬ್ಯಾಂಡ್ ಮೀಟಿಯರ್ಸ್ ಕಡೆಯದು. ಅವರ 1981ರ ಆಲ್ಬಮ್ 'ಇನ್ ಹೆವನ್' ಕೇಳಿ, ಡಬಲ್ ಬೇಸೇ ಹಾಡನ್ನು ಎಳೆದುಕೊಂಡು ಹೋಗುತ್ತದೆ.

ಪೂರ್ವ ಲಂಡನ್ನಿನಲ್ಲಿ ರೈಲು ಹಳಿಯ ಕೆಳಗಿನ ಒಂದು ಇಟ್ಟಿಗೆ ಕಮಾನು ದಿನಕ್ಕೆ 60 ಪೌಂಡಿಗೆ ಸಿಕ್ಕಿತು. ಬೇಸಿಗೆ ಮೈಕ್ ಇಡಲೇ ಇಲ್ಲ. ಬದಲಿಗೆ ವಾದ್ಯದ ಕಂಪನವನ್ನೇ ಹಿಡಿಯುವ ಎರಡು ಪಿಕಪ್: ಒಂದು ತಂತಿಗಳನ್ನು ಹೊರುವ ಬ್ರಿಡ್ಜ್ ಮೇಲೆ, ಸ್ವರಕ್ಕೆ. ಇನ್ನೊಂದು ಫಿಂಗರ್‌ಬೋರ್ಡಿನ ಕೆಳಗೆ, ಚಟಪಟ ಸದ್ದಿಗೆ. ಎರಡಕ್ಕೂ ಬೇರೆ ಬೇರೆ ಟ್ರ್ಯಾಕ್. ಸ್ವರದ ಆಂಪ್ ಹೊರಗೆ ನಿಂತ ವ್ಯಾನಿನೊಳಗೆ, ಕೇಬಲ್ ಬಾಗಿಲ ಸಂದಿಯಿಂದ. ಆದರೂ ಡ್ರಮ್ ಹೊಡೆದಾಗ ಬೇಸಿನ ಹೊಟ್ಟೆ ಗುಂಯ್ ಅನ್ನುತ್ತಿತ್ತು. ಬೇಸಿನ ಮುಂಭಾಗದ ಎಫ್ ಆಕಾರದ ತೂತುಗಳಿಗೆ ಫೋಮ್ ತುರುಕಿದೆ, ಬೇಸಿನ ಬೆನ್ನನ್ನು ಡ್ರಮ್ ಕಡೆ ತಿರುಗಿಸಿ ನಿಂತೆ. ನಮ್ಮ ಡ್ರಮ್ಮರ್ ನಿಂತೇ ಬಾರಿಸುತ್ತಾನೆ. ಸ್ನೇರ್, ಫ್ಲೋರ್ ಟಾಮ್, ಒಂದು ಸಿಂಬಲ್. ಸೋರುವುದಕ್ಕೆ ಅಲ್ಲಿ ಜಾಸ್ತಿ ಏನೂ ಇರಲಿಲ್ಲ. ಉಳಿದ ಸೋರಿಕೆ ಹಾಡಿಗೆ ಬೇಕೇ ಬೇಕಾಗಿತ್ತು, ಕೋಣೆ ಕೇಳಿಸುವುದೇ ಅದರಿಂದ.

ರೆಕಾರ್ಡ್ ಮಾಡಿದ್ದು ಟಾಸ್ಕಾಂ 38ರಲ್ಲಿ, ಒಮ್ಮೆಗೆ ಎಂಟು ಟ್ರ್ಯಾಕ್ ಹಿಡಿಯುವ ಹಳೆ ಟೇಪ್ ಮೆಷಿನ್, ಅರ್ಧ ಇಂಚಿನ ಟೇಪ್. ಮೆಷಿನ್ 550 ಪೌಂಡ್, ಟೇಪ್ ತಾಗಿ ಓಡುವ ಹೆಡ್ ರಿಪೇರಿಗೆ ಇನ್ನೊಂದು 180. ಅಗ್ಗಕ್ಕೆ ಸಿಕ್ಕ ಹಳೆ ರೀಲುಗಳು ಅಂಟಂಟಾಗಿ ಹೆಡ್ಡಿಗೆ ಮೆತ್ತಿಕೊಂಡವು. ಇಡೀ ಒಂದು ದಿನದ ಕೆಲಸ ಹಾಳು. ಹೊಸ ರೀಲಿಗೆ 90 ಪೌಂಡ್ ಆಸುಪಾಸು, ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಅರ್ಧ ಗಂಟೆ ಬರುತ್ತದೆ. ದುಬಾರಿ ನಿಜ. ಆದರೆ ಟೇಪ್ ಮುಗಿಯುತ್ತದೆ ಅಂತ ಗೊತ್ತಿದ್ದರೆ ಯಾರೂ ಸುಮ್ನೆ ನುಡಿಸುವುದಿಲ್ಲ.

ಮಧ್ಯೆ ತಂತಿಯ ಹುಚ್ಚು ಹಿಡಿಯಿತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಬೇಸಿಗೆ ಕಟ್ಟುವವರಿದ್ದಾರೆ, ಗೊತ್ತಿರಬಹುದು. ಖರ್ಚು 15 ಪೌಂಡ್. ಚಟಪಟ ಅದ್ಭುತ, ಬೆರಳು ನೋಯುವುದೇ ಇಲ್ಲ. ಆದರೆ ಕೆಳಗಿನ ಇ ತಂತಿಯಲ್ಲಿ ಸ್ವರವೇ ನಿಲ್ಲಲಿಲ್ಲ. ಕೊನೆಗೆ ಜಿ, ಡಿ ಮಾತ್ರ ಆ ದಾರ, ಎ, ಇ ಮಾಮೂಲಿ ತಂತಿ. ಈ ಜೋಡಿಯನ್ನು ಈಗ ಇನ್ನಿಬ್ಬರು ಬೇಸಿನವರು ನನ್ನನ್ನು ನೋಡಿ ಕಟ್ಟಿಕೊಂಡಿದ್ದಾರೆ. ಗಿಟಾರ್ ಸದ್ದು ಒರಟಾಗಲಿ ಅಂತ ಅಮೆರಿಕದ ಗಿಟಾರಿಸ್ಟ್ ಲಿಂಕ್ ರೇ 1958ರಲ್ಲಿ ಮಾಡಿದ ಹಾಗೆ ಹಳೆ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹಾಕಿಯೂ ನೋಡಿದೆವು. ಎರಡು ಹಾಡಿಗೆ ಸೊಗಸಾಗಿ ಗುರುಗುಟ್ಟಿತು, ಮೂರನೆಯದರಲ್ಲಿ ಕಾಗದ ಹರಿಯಿತು.

ದನಿಯ ಸ್ಲ್ಯಾಪ್‌ಬ್ಯಾಕ್‌ಗೆ (ಹಿಂದೆಯೇ ಒಮ್ಮೆ ಬರುವ ಚಿಕ್ಕ ಎಕೋ) ಮೆಂಫಿಸ್‌ನ ಸನ್ ಸ್ಟುಡಿಯೋದವರ ಹಾಗೆ ಎರಡನೇ ಟೇಪ್ ಮೆಷಿನ್. ಏಳೂವರೆ ಇಂಚಿನ ವೇಗದಲ್ಲಿ ಎಕೋ ತಡವಾಗಿ ಬಂತು. 15ರಲ್ಲಿ ಸುಮಾರು 130 ಮಿಲಿಸೆಕೆಂಡ್, ಹೇಳಿ ಮಾಡಿಸಿದ ಹಾಗಿತ್ತು. ಆ ಎಕೋವನ್ನು ಕೋಣೆಯೊಳಕ್ಕೆ ವಾಪಸ್ ಬಿಟ್ಟದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮುಂದಿನ ರೆಕಾರ್ಡಿಗೂ ಬೇಕು.

ಒಂದೊಂದು ಬದಿ 16 ನಿಮಿಷದೊಳಗೆ ಇಟ್ಟೆವು, ಸಮಯ ಕಡಿಮೆಯಾದರೆ ರೆಕಾರ್ಡಿನ ಗೀರುಗಳಿಗೆ ಜಾಗ ಜಾಸ್ತಿ, ಅದಕ್ಕೇ ಎಲ್‌ಪಿ ಅಷ್ಟು ಜೋರಾಗಿದೆ. 300 ಪ್ರತಿ ಒತ್ತಿಸಲು 2,100 ಪೌಂಡ್. ವ್ಯರ್ಥವಾದ 900 ಸೇರಿ ಒಟ್ಟು 4,500ರ ಹತ್ತಿರ. ಪ್ರತಿಗೆ 18 ಪೌಂಡ್, 200 ಆಗಲೇ ಹೋಗಿವೆ, ಹೆಚ್ಚಿನವು ಶೋಗಳಲ್ಲೇ. ಹಾಕಿದ ದುಡ್ಡಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ವಾಪಸ್ ಬಂದಿದೆ. ಆಗುವುದಿಲ್ಲ ಅಂದಿದ್ದ ಒಬ್ಬ ಎಂಜಿನಿಯರ್ ಹೋದ ತಿಂಗಳು ಫೋನ್ ಮಾಡಿ, ಬೇಸಿಗೆ ಯಾವ ಮೈಕ್ ಇಟ್ಟಿದ್ದೆ ಅಂತ ಕೇಳಿದರು.